ಕೋವಿಮಣೆ

ಅಣ್ಣ ಸತ್ತು ನಾಲ್ಕನೆಯ ತಿಂಗಳು ನಡೆಯುತ್ತಿತ್ತು, ದನಿ ಇನ್ನೂ ಮನೆ ಬಿಟ್ಟಿರಲಿಲ್ಲ. ಅತ್ತಿಗೆ ಸಿಂಗಾರಮ್ಮ ಮೂರು ಅಮಾವಾಸ್ಯೆ ದಿಬ್ಬ ಹತ್ತಿ, ಕಮರಿಯ ಆಚೆಗಿರುವ ದನಿಗಲ್ಲಿಗೆ ಗುಂಡು ಹೊಡೆದಿದ್ದಳು. ಮೂರೂ ಸಲ ತಪ್ಪಿತ್ತು. ಅಮಾವಾಸ್ಯೆಗೆ ಒಂದು ಮನೆಗೆ ಒಂದೇ ಗುಂಡು. ತಪ್ಪಿದರೆ ಊರ ಕೋವಿ ಕಾಯುವ ಬುಡೇನ್ ಸಾಬರ ಕೈಗೆ ಅದನ್ನು ಕೊಟ್ಟು, ಇಳಿದು ಬಂದು, ಮುಂದಿನ ಅಮಾವಾಸ್ಯೆಯವರೆಗೆ ಕಾಯಬೇಕು. ಕಾಯುವುದು ನಮ್ಮೂರಿನವರಿಗೆ ಕಷ್ಟವಲ್ಲ. ಕಷ್ಟ ಏನೆಂದರೆ ದನಿ ಕಾಯುವುದಿಲ್ಲ. ಕಲ್ಲಿಗೆ ಗುಂಡು ತಾಗುವವರೆಗೂ ಅದು ಮನೆಯಲ್ಲೇ ಇದ್ದು, ತಿಂಗಳಿಂದ ತಿಂಗಳಿಗೆ ಒಂದೊಂದೇ ಮಾತು ಕಳೆದುಕೊಳ್ಳುತ್ತ ಹೋಗುತ್ತದೆ. ಕೊನೆಗೆ ಒಂದು ಮಾತು ಉಳಿಯುತ್ತದೆ. ಆ ಒಂದು ಮಾತು ಉಳಿದ ಮೇಲೂ ಮೂರು ಅಮಾವಾಸ್ಯೆ ದಾಟಿದರೆ ಮತ್ತೆ ಯಾವ ಗುಂಡಿಗೂ ಅದು ಹೋಗುವುದಿಲ್ಲ.

ಬಾವಿಕಟ್ಟೆಯ ಪಕ್ಕದಲ್ಲಿ ಅಂಥದೊಂದು ಮನೆ ಇದೆ. ಸೂರು ಬಿದ್ದು, ಗೋಡೆ ಕರಗಿ, ಒಲೆಯ ಗುರುತು ಮಾತ್ರ ಉಳಿದಿದೆ. ಅಲ್ಲಿ ಯಾರೋ "ನೀರು" ಎನ್ನುತ್ತಾರೆ. ಅದು ಗಂಡಸೋ ಹೆಂಗಸೋ ಈಗಿನವರಿಗೆ ಗೊತ್ತಿಲ್ಲ. ಬಾವಿಯಿಂದ ಬರುವ ಹೆಣ್ಣುಮಕ್ಕಳು ಕೊಡದಿಂದ ಒಂದು ಚೊಂಬು ನೀರನ್ನು ಆ ಹೊಸ್ತಿಲ ಜಾಗಕ್ಕೆ ಹೊಯ್ದು ಮುಂದೆ ಹೋಗುತ್ತಾರೆ. ನಾನು ಹುಟ್ಟಿದಾಗಿನಿಂದ ಹೊಯ್ಯುತ್ತಲೇ ಇದ್ದಾರೆ. ಹೊಯ್ದ ಮೇಲೂ ಅದು "ನೀರು" ಎನ್ನುತ್ತದೆ.

ನಾಲ್ಕನೆಯ ತಿಂಗಳ ಮೊದಲ ಸೋಮವಾರ ಅತ್ತಿಗೆ ನನಗೆ ಹೇಳಿಕಳಿಸಿದಳು. ಹನ್ನೊಂದು ವರ್ಷದಿಂದ ನಾನು ಆ ಮನೆಯ ಹೊಸ್ತಿಲು ದಾಟಿರಲಿಲ್ಲ. ಅಣ್ಣ ಕಾಳಾಚಾರಿಗೂ ನನಗೂ ಮಾತಿರಲಿಲ್ಲ. ಅವನು ಸತ್ತ ದಿನವೂ ಅಂಗಳದಲ್ಲಿ ನಿಂತು, ಹೆಗಲು ಕೊಟ್ಟು, ಮಣ್ಣು ಮಾಡಿ, ಅಲ್ಲಿಂದಲೇ ನನ್ನ ಮನೆಗೆ ಬಂದವನು ನಾನು. ಇಬ್ಬರೂ ಬಡಗಿಗಳು, ಅಪ್ಪನಿಂದ ಒಂದೇ ಉಳಿ ಒಂದೇ ಬಾಚಿ ಹಿಡಿದು ಕಲಿತವರು. ಊರಿನವರು ಬಾಗಿಲು ಬೇಕೆಂದರೆ ಅವನ ಹತ್ತಿರ ಹೋಗುತ್ತಿದ್ದರು, ನೇಗಿಲು, ಗಾಡಿ ಬೇಕೆಂದರೆ ನನ್ನ ಹತ್ತಿರ ಬರುತ್ತಿದ್ದರು. ಹೀಗೆ ಹಂಚಿಕೊಂಡು ಒಬ್ಬರ ಮುಖ ಒಬ್ಬರು ನೋಡದೆ ಬದುಕಿದ್ದೆವು.

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಈಳಿಗೆಮಣೆಯ ಮೇಲೆ ಕೂತು ಹೀರೇಕಾಯಿ ಹೆಚ್ಚುತ್ತಿದ್ದಳು. ಅವಳಿಗೆ ಐದು ವರ್ಷದಿಂದ ಕೈ ನಡುಕ. ಏನಾದರೂ ಎಳೆಯುವಾಗ, ನೂಕುವಾಗ ಕಡಿಮೆ, ಸುಮ್ಮನೆ ಹಿಡಿದು ನಿಲ್ಲಬೇಕಾದಾಗ ಜಾಸ್ತಿ.

"ಬಂದ್ಯಾ ಮೋನ? ಒಳಗೆ ಬಾ. ಹೊಸ್ತಿಲು ಕಚ್ಚಲ್ಲ."

ನಾನು ಒಳಗೆ ಹೋಗಿ ಕಂಬಕ್ಕೆ ಒರಗಿ ಕೂತೆ.

"ಇದನ್ನ ನೋಡು" ಎಂದು ಅವಳು ಹೀರೇಕಾಯಿ ಎತ್ತಿ ತೋರಿಸಿದಳು. ಕೈ ಕಾಯಿ ಎರಡೂ ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲುಗುತ್ತಿದ್ದವು. ಆಮೇಲೆ ಅದನ್ನು ಈಳಿಗೆಯ ಬಾಯಿಗೆ ಕೊಟ್ಟು ಎಳೆದಳು. ಹೋಳು ನೆಟ್ಟಗೆ ಬಿತ್ತು. "ಯಾಕೆ ಹೇಳು? ಕೈ ನಡುಗಿದ್ರೂ ಈಳಿಗೆ ನಡುಗಲ್ಲ. ಮಣೆ ಮೇಲೆ ನಾನು ಕೂತಿರ್ತೀನಿ, ಅದು ಎಲ್ಲಿಗೆ ಹೋಗ್ತದೆ? ಕೋವಿಗೂ ಇಂಥದೊಂದು ಮಣೆ ಮಾಡ್ಕೊಡು. ಕೋವಿ ಅದರ ಮೇಲೆ ಮಲಗಿರಲಿ. ನಾನು ಬೆರಳು ಮಾತ್ರ ಎಳೀತೀನಿ."

"ದಿಬ್ಬದ ಮೇಲೆ ಅಂಥದೆಲ್ಲ ಊರಿ ಬರೋ ಹಾಗಿಲ್ವಲ್ಲ ಅತ್ತಿಗೆ."

"ಊರಿ ಬಾ ಅಂದವರು ಯಾರು? ಹೊತ್ಕೊಂಡು ಹೋಗೋದು, ಹೊತ್ಕೊಂಡು ಬರೋದು. ಬಿಚ್ಚಿ ಜೋಡಿಸೋ ಹಾಗೆ ಮಾಡು. ನೀನು ಗಾಡಿ ಮಾಡೋನಲ್ವಾ?"

ದಿಬ್ಬದ ಮೇಲೆ ಏನನ್ನೂ ಬಿಟ್ಟು ಬರಬಾರದು ಎಂಬುದು ಹಿಂದಿನಿಂದ ಬಂದದ್ದು. ಕಲ್ಲಿನ ಮೇಲೆ ಕಲ್ಲು ಕೂಡ ಇಡುವಂತಿಲ್ಲ. ಹತ್ತುವ ದಾರಿಯೋ ಆಡು ಹೋಗುವಷ್ಟು. ಅಲುಗಬಾರದು ಎಂದರೆ ಮಣೆ ಭಾರವಿರಬೇಕು, ಬೆನ್ನ ಮೇಲೆ ಹೋಗಬೇಕೆಂದರೆ ಹಗುರವಿರಬೇಕು. ನಾನು ಅದನ್ನೇ ಲೆಕ್ಕ ಹಾಕುತ್ತ ಕೂತಿದ್ದೆ. ಆಗ ನಡುಮನೆಯ ಕಡೆಯಿಂದ ಅಣ್ಣನ ದನಿ ಬಂತು.

"ಹಿಡ್ಕಂಡ್ಯಾ?"

ಸ್ವಲ್ಪ ಹೊತ್ತು ಬಿಟ್ಟು, "ಗೆರೆ ನೋಡು." ಮತ್ತೆ, "ಹಿಡ್ಕಂಡ್ಯಾ?"

ಅತ್ತಿಗೆ ತಲೆ ಎತ್ತದೆ, "ಹಿಡ್ಕಂಡೆ ಕಣಪ್ಪ, ಹಿಡ್ಕಂಡೆ" ಎಂದಳು. ಎಷ್ಟೋ ದಿನದಿಂದ ಹಾಗೆ ಹೇಳಿ ಅಭ್ಯಾಸವಾಗಿತ್ತು ಎಂದು ಕಾಣುತ್ತದೆ. "ಮೊದಲ ತಿಂಗಳು ಎಷ್ಟು ಮಾತಾಡೋದು ಗೊತ್ತಾ? ಹಾಲು ನೋಡೇ ಅನ್ನೋದು. ನನ್ನ ಕನ್ನಡಕ ಎಲ್ಲಿಟ್ಟೆ ಅನ್ನೋದು. ಈಗ ಎರಡೇ ಉಳಿದಿದಾವೆ. ಬೇಗ ಮಾಡ್ಕೊಡು ಮೋನ. ಅವನು ಬಾವಿಕಟ್ಟೆ ದನಿ ಆಗೋದು ಬೇಡ."

ನಾನು ಆಗಲಿ ಎಂದೆ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಗುಂಡು ಯಾರು ಬೇಕಾದರೂ ಹೊಡೆಯುವಂತಿಲ್ಲ. ದನಿ ಯಾರೊಂದಿಗೆ ಮಾತಾಡುತ್ತದೋ ಅವರೇ ಹೊಡೆಯಬೇಕು. ಮಕ್ಕಳಿಲ್ಲದ ಮನೆ, ಗಂಡನ ದನಿ, ಇನ್ನು ಯಾರೊಂದಿಗೆ ಮಾತಾಡುತ್ತದೆ? ಹೆಂಡತಿಯೊಂದಿಗೇ ಎಂದು ಊರು ಅಂದುಕೊಂಡಿತ್ತು, ಅತ್ತಿಗೆಯೂ ಅಂದುಕೊಂಡಿದ್ದಳು. ಆದರೆ "ಹಿಡ್ಕಂಡ್ಯಾ" ಎಂಬುದು ಅಡುಗೆಮನೆಯ ಮಾತಲ್ಲ. ಅಟ್ಟಣೆ ಕಟ್ಟಿ ದಿಮ್ಮಿ ಏರಿಸಿ ಇಬ್ಬರು ದೊಡ್ಡ ಗರಗಸ ಎಳೆಯುವಾಗ, ಮೇಲೆ ನಿಂತವನು ಕೆಳಗಿನವನನ್ನು ಹಾಗೆ ಕೇಳುತ್ತಾನೆ. ಕೆಳಗಿನವನು "ಹಿಡ್ಕಂಡೆ" ಎನ್ನುವವರೆಗೂ ಮೇಲಿನವನು ಎಳೆಯುವುದಿಲ್ಲ. ಮೇಲೆ ನಿಂತವನಿಗೆ ಕೆಳಗಿನವನ ಕೈ ಕಾಣುವುದಿಲ್ಲ, ಆ ಮಾತೇ ಅವನಿಗೆ ಆಧಾರ. ಮೂವತ್ತು ವರ್ಷ ಅಣ್ಣ ಮೇಲೆ ನಿಂತ, ನಾನು ಕೆಳಗೆ. ಅವನು ಕೇಳುತ್ತಿದ್ದುದು ನನ್ನನ್ನು. ಅದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಗೊತ್ತಾದರೂ ನಾನು ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದರೆ, ಹನ್ನೊಂದು ವರ್ಷದ ಹಿಂದೆ ಒಂದು ದಿನ ಅವನು ಹಾಗೆ ಕೇಳಿದಾಗ ನಾನು "ಹಿಡ್ಕಂಡೆ" ಎಂದಿದ್ದೆ. ಹಿಡಿದಿರಲಿಲ್ಲ. ಬೆಳಗ್ಗೆ ನಾಲ್ಕು ಜನರೆದುರು ಅವನು ಸೀಳಲೆಂದು ದಿಮ್ಮಿಗೆ ನಾನು ಹೊಡೆದ ಗೆರೆ ಸೊಟ್ಟಗಿದೆ ಎಂದಿದ್ದ, ಅಪ್ಪನ ಕೈ ನಿನಗೆ ಬರಲಿಲ್ಲ ಎಂದಿದ್ದ. ಗೆರೆ ಸೊಟ್ಟಗಿದ್ದದ್ದೂ ನಿಜವೇ. ಕೈ ಬಿಟ್ಟು "ಹಿಡ್ಕಂಡೆ" ಎಂದೆ. ಅವನು ನಂಬಿ ಮೈಭಾರ ಹಾಕಿ ಎಳೆದ, ಗರಗಸ ಗಾಳಿಗೆ ಬಂದ ಹಾಗೆ ಬಂತು, ಅಟ್ಟಣೆಯಿಂದ ಹಿಂದಕ್ಕೆ ಬಿದ್ದು ಸೊಂಟ ಮುರಿದುಕೊಂಡ. ಅಂದಿನಿಂದ ಸಾಯುವವರೆಗೂ ಎಡಗಾಲು ಎಳೆದು ನಡೆದ. ಬಂದವರಿಗೆಲ್ಲ ಕಾಲು ಜಾರಿತು ಎಂದ. ನಾನು ಹೌದು, ಜಾರಿತು ಎಂದೆ. ಆಮೇಲೆ ನಾವು ಮಾತಾಡಲಿಲ್ಲ.

ಅತ್ತಿಗೆಗೆ ಗಟ್ಟಿಯಾದ ಮಣೆಯೊಂದನ್ನು ಮಾಡಿಕೊಟ್ಟರೆ, ಅವಳ ಗುಂಡು ಕಲ್ಲಿಗೆ ತಾಗಿದರೆ, ದನಿ ಹೇಗೋ ಒಪ್ಪಿಕೊಂಡು ಹೋಗಿಬಿಡಬಹುದು ಎಂದು ನಾನು ಯೋಚಿಸಿದೆ. ಇಷ್ಟು ವಯಸ್ಸಾದ ಮೇಲೂ ಮನುಷ್ಯ ಹೀಗೆ ಯೋಚಿಸುತ್ತಾನೆ.

ಮರುದಿನ ದಾರ ತೆಗೆದುಕೊಂಡು ಹೋಗಿ ಅಳತೆ ಮಾಡಿದೆ. ಅವಳು ಕೂತರೆ ನೆಲದಿಂದ ಮೊಣಕೈ ಎಷ್ಟು, ಮೊಣಕೈಯಿಂದ ಗಲ್ಲ ಎಷ್ಟು, ಕೈ ಚಾಚಿದರೆ ಎಷ್ಟು. ಎಲ್ಲಕ್ಕೂ ದಾರದಲ್ಲಿ ಒಂದೊಂದು ಗಂಟು ಹಾಕಿದೆ. ಅವಳು ಎಡಚಿ. ಹಾಗಾಗಿ ಹಲಗೆಯ ಎಡಬದಿಯಲ್ಲಿ ಮೈ ಕೂರುವಷ್ಟು ಕಚ್ಚು ತೆಗೆಯಬೇಕು, ಬಲಬದಿ ಉದ್ದಕ್ಕೆ ಮುಂದೆ ಹೋಗಿ ಕೋವಿಯನ್ನು ಹೊರಬೇಕು. ಕಾಲು ಮೂರೇ ಸಾಕು. ನಾಲ್ಕು ಕಾಲಿನದು ದಿಬ್ಬದ ಏರುತಗ್ಗಿನಲ್ಲಿ ಒಂದು ಕಾಲು ಎತ್ತಿಕೊಂಡೇ ನಿಲ್ಲುತ್ತದೆ.

"ಮರ ಎಲ್ಲಿಂದ ತರ್ತೀಯಾ?" ಎಂದಳು.

"ನನ್ನ ಹತ್ರ ಬೇವಿನ ಹಲಗೆ ಇದೆ."

"ಬೇವು ಯಾಕೆ? ಹಿತ್ತಿಲಲ್ಲಿ ಹೊನ್ನೆ ಬಿದ್ದಿದೆಯಲ್ಲ."

ಅವನು ಬಿದ್ದ ದಿನ ಅರ್ಧಕ್ಕೆ ನಿಂತ ಆ ದಿಮ್ಮಿ ಇನ್ನೂ ಇರುತ್ತದೆ ಎಂದು ನಾನು ತಿಳಿದಿರಲಿಲ್ಲ. ಹಿತ್ತಿಲಿಗೆ ಹೋಗಿ ನೋಡಿದೆ. ಅಟ್ಟಣೆಯಿಂದ ಇಳಿಸಿ, ಕೆಳಗೆ ಕಲ್ಲು ಕೊಟ್ಟು, ಮೇಲೆ ತೆಂಗಿನ ಗರಿ ಹೊದಿಸಿ ಇಟ್ಟಿದ್ದ. ಅರ್ಧ ಸೀಳಿದ್ದು ಹಾಗೇ ಇತ್ತು. ಸೀಳು ಕೂಡಿಕೊಳ್ಳದ ಹಾಗೆ ಅದರ ಬಾಯಿಗೆ ಬೆಣೆ ಹೊಡೆದಿದ್ದ. ಬೆಣೆ ಹೊಸದು, ಒಂದು ವರ್ಷದ್ದೂ ಇರಲಾರದು.

"ಪ್ರತಿ ಬೇಸಿಗೆ ಗರಿ ಬದಲಾಯಿಸ್ತಿದ್ದ" ಎಂದಳು ಅತ್ತಿಗೆ, ನನ್ನ ಹಿಂದೆ ಬಂದು ನಿಂತು. "ಎಷ್ಟು ಜನ ಕೇಳಿದ್ರು. ಕೊಡ್ಲಿಲ್ಲ. ಒಬ್ಬನ ಕೈಲಿ ಆಗೋ ಕೆಲಸ ಅಲ್ಲ, ಇರ್ಲಿ ಬಿಡು ಅಂತಿದ್ದ."

ಉಳಿದಿದ್ದು ಎರಡು ಮೊಳ. ನನ್ನೊಂದಿಗೆ ಗರಗಸ ಎಳೆಯಲು ಬೇರೆ ಯಾರನ್ನಾದರೂ ಕರೆಯೋಣ ಎಂದೆ. ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದು ಬಟ್ಟೆಯನ್ನು ಮುಖಕ್ಕೆ ಕಟ್ಟಿಕೊಂಡು ಬಂದಳು. "ಎಳೆಯುವಾಗ ನನ್ನ ಕೈ ನಡುಗಲ್ಲ, ಗೊತ್ತಲ್ಲ. ನಡಿ." ದಿಮ್ಮಿಯ ಒಂದು ತುದಿಯನ್ನು ಕಲ್ಲಿನ ರಾಶಿಯ ಮೇಲೇರಿಸಿ ನಾನು ಮೇಲೆ ನಿಂತೆ, ಅವಳು ಕೆಳಗೆ. ಅಣ್ಣ ಗರಗಸಕ್ಕೆ ಎಣ್ಣೆ ಸವರಿ ಗೋಣಿ ಸುತ್ತಿಟ್ಟಿದ್ದ. ಒಂದು ಹಲ್ಲಿಗೂ ತುಕ್ಕಿರಲಿಲ್ಲ. ನಾನು ಅದನ್ನು ಹಳೆಯ ಸೀಳಿಗೆ ಇಳಿಸಿದೆ. ಮೇಲಿನಿಂದ ನೋಡಿದರೆ ಕೆಳಗಿನವರ ನೆತ್ತಿ ಮಾತ್ರ ಕಾಣುತ್ತದೆ. ಮೂವತ್ತು ವರ್ಷ ಅಣ್ಣನಿಗೆ ನನ್ನ ನೆತ್ತಿಯಷ್ಟೇ ಕಂಡಿತ್ತು ಎಂದು ಆಗ ತಿಳಿಯಿತು.

ನಾನು ಕೇಳಬೇಕಾದ ಮಾತು ನನ್ನ ಬಾಯಿಂದ ಬರಲಿಲ್ಲ. ಮನೆಯೊಳಗಿನಿಂದ ಬಂತು.

"ಹಿಡ್ಕಂಡ್ಯಾ?"

"ಹಿಡ್ಕಂಡೆ, ಎಳಿ!" ಎಂದು ಅತ್ತಿಗೆ ಕೂಗಿದಳು. ನಾನು ಎಳೆದೆ.

ಹಲಗೆ ಬಿದ್ದಾಗ ನೋಡಿದರೆ ಅದರ ಮುಖದ ಮೇಲೆ ಎರಡು ಬಣ್ಣ. ಹನ್ನೊಂದು ವರ್ಷದ ಹಿಂದೆ ಸೀಳಿದ್ದು ಕಾಫಿಯ ಬಣ್ಣಕ್ಕೆ ತಿರುಗಿತ್ತು, ಈಗ ಸೀಳಿದ್ದು ಜೇನಿನ ಬಣ್ಣದಲ್ಲಿತ್ತು. ಎರಡೂ ಸೇರುವಲ್ಲಿ ಕೂದಲೆಳೆಯಷ್ಟು ಮೆಟ್ಟಿಲು. ಎಷ್ಟು ಹೆರೆದರೂ ಮೆಟ್ಟಿಲು ಹೋಯಿತೇ ಹೊರತು ಗೆರೆ ಹೋಗಲಿಲ್ಲ.

ಮಣೆಗೆ ಹದಿನೆಂಟು ದಿನ ಹಿಡಿಯಿತು. ಕಾಲುಗಳಿಗೆ ಜಾಲಿ ತೆಗೆದುಕೊಂಡೆ. ಒಂದೊಂದನ್ನೂ ಹೊರಕ್ಕೆ ವಾಲಿಸಿ ಹಲಗೆಯ ತೂತಿನಲ್ಲಿ ಕೂರಿಸಿ ಮೇಲಿಂದ ಬೆಣೆ ಹೊಡೆದೆ. ಮೊಳೆ ಒಂದೂ ಇಲ್ಲ. ಭಾರ ಬಿದ್ದಷ್ಟೂ ಕಾಲುಗಳು ತೂತಿನಲ್ಲಿ ಬಿಗಿಯಾಗಬೇಕು, ಬೆಣೆಗೆ ಒಂದೇಟು ಕೆಳಗಿನಿಂದ ಕೊಟ್ಟರೆ ಕಳಚಿ ಬರಬೇಕು. ಕೂರುವ ಮಣೆಯನ್ನು ಬೇರೆ ಮಾಡದೆ ಹಿಂದಿನ ಕಾಲಿನಿಂದಲೇ ಹೊರಡಿಸಿದೆ. ಹೊಡೆಯುವವರ ಮೈಭಾರವೇ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಈಳಿಗೆಮಣೆಯ ಗುಟ್ಟೂ ಅದೇ ತಾನೆ? ಹಲಗೆಯ ಅಡಿಭಾಗವನ್ನು ಬಾಚಿಯಿಂದ ಕೆತ್ತಿ, ಭಾರ ಬೇಡದ ಕಡೆ ತೆಳುವಾಗಿಸಿದೆ. ಮೂರು ಕಾಲು, ಹಲಗೆ, ಎಲ್ಲವನ್ನೂ ಒಂದು ಹಗ್ಗದಲ್ಲಿ ಕಟ್ಟಿದರೆ ಬೆನ್ನ ಮೇಲೆ ಒಂದು ಕರುವಿನಷ್ಟು ಭಾರ. ಕೋವಿಯ ನಳಿಗೆ ಮಲಗಲು ಮುಂದೆ ಮರಳಿನ ಚೀಲ, ಹಿಡಿ ಕೂರಲು ಹಿಂದೆ ರಾಗಿ ಹೊಟ್ಟಿನ ಚೀಲ. ಚೀಲಗಳನ್ನು ಅತ್ತಿಗೆ ಅಣ್ಣನ ಪಂಚೆ ಹರಿದು ಹೊಲಿದಳು.

ಮುಗಿದ ದಿನ ಅಂಗಳದಲ್ಲಿ ಜೋಡಿಸಿ, ಅದರ ಮೇಲೆ ಬಾಯಿತನಕ ನೀರು ತುಂಬಿದ ತಂಬಿಗೆ ಇಟ್ಟೆ. ಅತ್ತಿಗೆ ಕೂತು ಎರಡೂ ಮೊಣಕೈ ಊರಿದಳು. ಕೈ ಎಂದಿನ ಹಾಗೆ ನಡುಗುತ್ತಿತ್ತು. ತಂಬಿಗೆಯ ನೀರಿನಲ್ಲಿ ಸೂರಿನ ನೆರಳು ಬಿದ್ದಿತ್ತು, ಅದು ಒಡೆಯಲಿಲ್ಲ.

ಬುಡೇನ್ ಸಾಬರು ನೋಡಲು ಬಂದರು. ಊರಿನ ಕೋವಿಯನ್ನು ಇಟ್ಟುಕೊಂಡು ಮದ್ದು ತುಂಬಿ ಕೊಡುವ ಕೆಲಸ ಅವರ ತಾತನ ಕಾಲದಿಂದ ಅವರದು. ಮಣೆಯ ಸುತ್ತ ಎರಡು ಸುತ್ತು ಹಾಕಿ, ಕಾಲಿಂದ ಒದ್ದು, ಆಮೇಲೆ ತಾವೇ ಕೂತು ನೋಡಿದರು.

"ಹಿಂದೆ ಯಾರೂ ಇಂಥದು ತಂದಿಲ್ಲ ಆಚಾರ್ರೇ."

"ತರಬಾರದು ಅಂತ ಇದೆಯಾ ಸಾಬ್ರೇ?"

"ಇನ್ನೊಬ್ಬರ ಕೈ ಕೋವಿಗೆ ತಾಗಬಾರದು ಅಂತ ಇದೆ." ಅವರು ಗಡ್ಡ ಕೆರೆದುಕೊಂಡರು. "ಇದಕ್ಕೆ ಕಾಲು ಮೂರು ಇದಾವೆ, ಕೈ ಎಲ್ಲಿದೆ? ತರ್ರಿ. ಆದ್ರೆ ಹೊತ್ಕೊಂಡು ಬರೋದು ನಾನಲ್ಲ, ಈಗಲೇ ಹೇಳಿರ್ತೀನಿ. ನನ್ನ ಮಂಡಿಗೆ ಆ ಕೋವಿಯೇ ಜಾಸ್ತಿ."

"ನಿಮ್ಮನ್ನೂ ಸೇರಿಸಿ ಇವನೇ ಹೊರ್ತಾನೆ ಬಿಡಿ" ಎಂದಳು ಅತ್ತಿಗೆ. ಅಣ್ಣ ಸತ್ತ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಮಾವಾಸ್ಯೆಯ ಮಧ್ಯಾಹ್ನ ಮಣೆ ಹೊತ್ತು ದಿಬ್ಬ ಹತ್ತಿದೆ. ಹತ್ತಿಪ್ಪತ್ತು ಜನ ಬಂದಿದ್ದರು. ಕಮರಿಯ ಆಚೆ, ಎಪ್ಪತ್ತು ಮಾರು ದೂರದಲ್ಲಿ ದನಿಗಲ್ಲು, ನಿಂತ ಎಮ್ಮೆಯಷ್ಟು ದೊಡ್ಡದು, ಮೈತುಂಬ ಹಳೆಯ ಗುಂಡುಗಳ ಕಚ್ಚು. ಮಣೆ ಜೋಡಿಸಿದೆ. ಬುಡೇನ್ ಸಾಬರು ಮದ್ದು ತುಂಬಿ ಕೊಟ್ಟರು. ಅತ್ತಿಗೆ ಎಡಗೆನ್ನೆಯನ್ನು ಹಿಡಿಗೆ ಆನಿಸಿ ಬಹಳ ಹೊತ್ತು ನೋಡಿದಳು. ಅವಳ ಬೆನ್ನು ನಡುಗುತ್ತಿತ್ತು, ಕೋವಿಯ ತುದಿ ನಡುಗಲಿಲ್ಲ. ಆಮೇಲೆ ಹೊಗೆ, ಸದ್ದು, ಅದರ ಹಿಂದೆಯೇ ಕಂಚಿನ ತಟ್ಟೆಗೆ ಹೊಡೆದ ಹಾಗೆ ಕಲ್ಲಿನ ನಾದ. ಜನ ಹೋ ಎಂದು ಕೂಗಿದರು. ಬುಡೇನ್ ಸಾಬರು ನನ್ನ ಹೆಗಲಿಗೆ ಗುದ್ದಿ, "ಆಚಾರ್ರೇ, ನಾನು ಸತ್ತಾಗ ನನ್ನ ಹೆಂಡತಿಗೂ ಇದನ್ನೇ ಕೊಡ್ಬೇಕು, ಅವಳಿಗೆ ಬಾಗಿಲೂ ಕಾಣಿಸಲ್ಲ" ಎಂದರು.

ಎಲ್ಲರೂ ಒಟ್ಟಿಗೆ ಇಳಿದು ಬಂದೆವು. ದನಿ ಹೋದ ಮನೆಗೆ ಮೊದಲ ಸಲ ಕಾಲಿಡುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಸದ್ದಿಲ್ಲದೆ ಹೋಗುವುದು ನಮ್ಮ ಕ್ರಮ. ಅತ್ತಿಗೆ ಹೊಸ್ತಿಲಲ್ಲಿ ನಿಂತು ಕಿವಿಗೊಟ್ಟಳು. ನಾವೆಲ್ಲ ಅಂಗಳದಲ್ಲಿ ಉಸಿರು ಹಿಡಿದು ನಿಂತೆವು. ಒಂದು ಕಾಗೆ ಕೂಗಿ ಸುಮ್ಮನಾಯಿತು.

"ಹಿಡ್ಕಂಡ್ಯಾ?" ಎಂದಿತು ದನಿ.

ಅತ್ತಿಗೆ ಅಲ್ಲೇ ಜಗಲಿಯ ಮೇಲೆ ಕೂತಳು. ಚಪ್ಪಲಿ ಇನ್ನೂ ಕೈಯಲ್ಲೇ ಇತ್ತು. ಒಬ್ಬೊಬ್ಬರೇ ಹಿಂದಕ್ಕೆ ಸರಿದು ಹೊರಟುಹೋದರು. ಬುಡೇನ್ ಸಾಬರು ಹೋಗುವಾಗ ನನ್ನ ಮುಖವನ್ನು ಒಂದು ಸಲ ನೋಡಿದರು. ನಾನು ಹಗ್ಗ ಸರಿಮಾಡುವವನ ಹಾಗೆ ಬಗ್ಗಿದೆ.

"ಕಲ್ಲಿಗೆ ತಾಗಿದ್ದು ನೀನೂ ಕೇಳಿದೆ ಅಲ್ವಾ ಮೋನ?"

"ಕೇಳಿದೆ."

"ಮತ್ತೆ ನನ್ನಿಂದ ಏನು ತಪ್ಪಾಯ್ತು?"

ಅದಕ್ಕೆ ಉತ್ತರ ನನ್ನ ಹತ್ತಿರವೇ ಇತ್ತು. ಆದರೂ ಅವತ್ತು ಕೊಡಲಿಲ್ಲ. ಮನೆಗೆ ಬಂದೆ. ಎರಡು ದಿನ ಒಂದು ನೇಗಿಲಿನ ಮುಂದೆ ಕೂತು ಏನನ್ನೂ ಕೆತ್ತಲಿಲ್ಲ. ಮೂರನೆಯ ದಿನ ಅವಳ ಮನೆಗೆ ಹೋದೆ. "ಗೆರೆ ನೋಡು" ಎಂಬುದೂ ಉದುರಿಹೋಗಿತ್ತು. ಒಂದೇ ಉಳಿದಿತ್ತು. ಅತ್ತಿಗೆ ಮೊರದಲ್ಲಿ ಕಾಳು ಹಾಕಿಕೊಂಡು ಕೂತಿದ್ದಳು, ಆರಿಸುತ್ತಿರಲಿಲ್ಲ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಗೆರೆ, ಜಗಳ, ಗರಗಸ, ನಾನು ಆಡಿದ ಮಾತು, ಬಿಟ್ಟ ಕೈ. ದನಿ ಕೇಳಿದ ಮೊದಲ ದಿನವೇ ನನಗೆ ತಿಳಿದಿತ್ತು ಎಂಬುದನ್ನೂ ಹೇಳಿದೆ.

ಕಾಳು ಮೊರದಲ್ಲಿ ಸಣ್ಣಗೆ ಕುಣಿಯುತ್ತಿದ್ದವು.

"ಕಾಲು ಜಾರಿತು ಅಂದ."

"ಜಾರಿಲ್ಲ ಅತ್ತಿಗೆ."

"ಹನ್ನೊಂದು ವರ್ಷ ಆ ಸೊಂಟಕ್ಕೆ ಎಣ್ಣೆ ತಿಕ್ಕಿದೀನಿ ಕಣೋ. ಚಳಿಗಾಲದಲ್ಲಿ ಮಗ್ಗುಲು ತಿರುಗೋಕೆ ಆಗ್ತಿರಲಿಲ್ಲ ಅವನಿಗೆ. ಒಂದು ದಿನಾನೂ ನಿನ್ನ ಹೆಸರು ಎತ್ತಲಿಲ್ಲ." ಆಮೇಲೆ, "ನೀನು ನನ್ನ ಕೈಲಿ ಆ ದಿಮ್ಮಿ ಸೀಳಿಸಿದೆ. ನಾನು ಕೆಳಗೆ ನಿಂತು ಹಿಡ್ಕಂಡೆ ಹಿಡ್ಕಂಡೆ ಅಂತ ಕೂಗಿದೆ. ನೀನು ಮೇಲಿಂದ ಕೇಳಿಸ್ಕೊಂಡೆ."

"ಹೌದು."

"ಎದ್ದು ಹೋಗು."

ನಾನು ನಿಂತೇ ಇದ್ದೆ. ಆದರೂ ಎದ್ದು ಹೋಗು ಎಂದಳು. ಹೋದೆ.

ಮೂರು ವಾರ ಅವಳಿಂದ ಯಾವ ಸುದ್ದಿಯೂ ಇಲ್ಲ. ಅಮಾವಾಸ್ಯೆಗೆ ಐದು ದಿನ ಇರುವಾಗ ನಾನೇ ಬುಡೇನ್ ಸಾಬರಲ್ಲಿಗೆ ಹೋಗಿ, ಈ ಸಲ ಗುಂಡು ನನ್ನದು ಎಂದೆ. ಅವರು ಯಾಕೆ ಎಂದು ಕೇಳಲಿಲ್ಲ. "ಸಿಂಗಾರಮ್ಮ ನಿನ್ನೆಯೇ ಬಂದು ಹೇಳಿ ಹೋದ್ರು" ಎಂದರು.

ಅಮಾವಾಸ್ಯೆಯ ದಿನ ಹೋದಾಗ ಅತ್ತಿಗೆ ಮಣೆಯನ್ನು ಹಗ್ಗದಲ್ಲಿ ಕಟ್ಟಿ ಜಗಲಿಯ ಮೇಲೆ ಇಟ್ಟಿದ್ದಳು.

"ನನಗೆ ಇದು ಬೇಡ ಅತ್ತಿಗೆ. ನನ್ನ ಕೈ ನಡುಗಲ್ಲ. ಅದೂ ಅಲ್ದೆ ನಿನ್ನ ಅಳತೆದು, ಎಡಗೈದು."

"ಹೊತ್ಕೊಂಡು ಹೋಗು. ಬೇಡದಿದ್ರೆ ಹೊತ್ಕೊಂಡು ಬಾ."

"ನೀನು ಬರಲ್ವಾ?"

"ನಾನು ಇಲ್ಲೇ ಇರ್ತೀನಿ. ಅವನೊಬ್ಬನನ್ನೇ ಬಿಟ್ಟು ಬರೋಕೆ ಆಗಲ್ಲ ಇವತ್ತು." ನಾನು ಮಣೆಯನ್ನು ಬೆನ್ನಿಗೆ ಏರಿಸಿಕೊಳ್ಳುವಾಗ ಅವಳು ಹಗ್ಗದ ಗಂಟು ನೋಡುತ್ತ ಹೇಳಿದಳು: "ಮೂರು ವಾರ ಯೋಚನೆ ಮಾಡಿದೆ. ನನ್ನ ಜೊತೆ ಆಡೋ ಮಾತು ಮೊದಲನೇ ತಿಂಗಳೇ ಉದುರಿದ್ವು. ನನಗೆ ಅದೇ ಹೊಟ್ಟೆಯುರಿ ಆಗಿತ್ತು. ಈಗ ಅನ್ಸುತ್ತೆ, ನನ್ನ ಹತ್ರ ಹೇಳೋದೆಲ್ಲ ಅವನು ಇದ್ದಾಗಲೇ ಹೇಳಿ ಮುಗಿಸಿದ್ದ. ಬಾಕಿ ಇದ್ದಿದ್ದು ನಿಂದೇ. ಹೋಗು, ಬಿಸಿಲು ಇಳೀತದೆ."

ಈ ಸಲ ದಿಬ್ಬದ ಮೇಲೆ ಬುಡೇನ್ ಸಾಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ನಾನು ಮಣೆಯನ್ನು ಕೆಳಗಿಟ್ಟು, ಬಿಚ್ಚದೆ, ಕೋವಿ ತೆಗೆದುಕೊಂಡು ನಿಂತೆ. ಐವತ್ತು ವರ್ಷ ಉಳಿ ಹಿಡಿದ ಕೈ, ಕೂದಲನ್ನು ಎರಡಾಗಿ ಸೀಳಬಲ್ಲದು ಎಂದು ಜಂಬ ಪಟ್ಟ ಕೈ. ಕೋವಿಯ ತುದಿ ಕಲ್ಲಿನ ಮೇಲೂ ಆಕಾಶದ ಮೇಲೂ ಕಮರಿಯ ಮೇಲೂ ಓಡಾಡಿತು. ಇಳಿಸಿ ಮತ್ತೆ ಎತ್ತಿದೆ. ಅದೇ ಆಯಿತು.

"ನನಗೇನೂ ಅವಸರ ಇಲ್ಲ" ಎಂದರು ಬುಡೇನ್ ಸಾಬರು, ಇನ್ನೊಂದು ಕಡೆ ತಿರುಗಿ ಕೂತು.

ಹಗ್ಗ ಬಿಚ್ಚಿ ಮಣೆ ಜೋಡಿಸಿದೆ. ಮೂರು ಬೆಣೆಗಳೂ ಒಂದೊಂದೇ ಏಟಿಗೆ ಕೂತವು. ಮಣೆ ನನಗೆ ತಗ್ಗು, ಮೊಣಕಾಲು ಎದೆಗೆ ಬಂತು. ಕಚ್ಚು ಎಡಕ್ಕಿದ್ದುದರಿಂದ ಮೈ ತಿರುಚಿ, ಬಲಹೆಗಲನ್ನು ಹಲಗೆಯ ಅಂಚಿಗೆ ಒತ್ತಿ ಕೂರಬೇಕಾಯಿತು. ಅಂಚು ಪಕ್ಕೆಗೆ ಚುಚ್ಚುತ್ತಿತ್ತು. ಕೋವಿಯನ್ನು ಅಣ್ಣನ ಪಂಚೆಯ ಚೀಲಗಳ ಮೇಲೆ ಮಲಗಿಸಿದೆ. ಅದು ನಿಂತಿತು. ನನ್ನ ಕೈ ನಡುಗುತ್ತಲೇ ಇತ್ತು, ಮಣೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಣ್ಣಿನ ಕೆಳಗೆ, ಗೇಣು ದೂರದಲ್ಲಿ, ಹಲಗೆಯ ಎರಡು ಬಣ್ಣ ಸೇರುವ ಗೆರೆ ಇತ್ತು. ಇಲ್ಲಿಯವರೆಗೆ ನಾವಿಬ್ಬರು. ಇಲ್ಲಿ ನಾನು ಕೈ ಬಿಟ್ಟದ್ದು. ಆ ಗೆರೆಯನ್ನು ನಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಊರು ಕೆಳಗಿತ್ತು. ಅಲ್ಲಿನ ಯಾವ ಸದ್ದೂ ದಿಬ್ಬಕ್ಕೆ ಬರುವುದಿಲ್ಲ. ಆದರೆ ಅಣ್ಣ ಈಗ ನಡುಮನೆಯಲ್ಲಿ ಏನು ಕೇಳುತ್ತಿರುತ್ತಾನೆ ಎಂದು ನನಗೆ ಗೊತ್ತಿತ್ತು.

"ಹಿಡ್ಕಂಡೆ ಅಣ್ಣ" ಎಂದೆ. ಬುಡೇನ್ ಸಾಬರಿಗೂ ಕೇಳದಷ್ಟು ಮೆಲ್ಲಗೆ. "ಹಿಡ್ಕಂಡಿದೀನಿ. ಎಳಿ."

ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಕಣ್ಣು ತುಂಬಿ ಕಲ್ಲು ಎರಡಾಗಿ ಕಂಡಿತು. ಒರೆಸಿಕೊಳ್ಳಲು ಕೈ ಬಿಡಬೇಕಿತ್ತು, ಬಿಡಲಿಲ್ಲ. ಬೆರಳು ಎಳೆದೆ. ಹೊಗೆ ಸರಿಯುವವರೆಗೆ ಕಾದೆ. ಕಲ್ಲು ನಾದ ಕೊಡಲಿಲ್ಲ. ಅದರ ಬುಡದಿಂದ ಮೊಳ ಕೆಳಗೆ, ಕಮರಿಯ ಗೋಡೆಯಲ್ಲಿ, ಹಿಡಿ ಮಣ್ಣು ಉದುರಿ ಬಿತ್ತು.

ಬುಡೇನ್ ಸಾಬರು ಕೋವಿ ತೆಗೆದುಕೊಂಡರು. "ಇನ್ನೂ ಎರಡು ಅಮಾವಾಸ್ಯೆ ಐತೆ ಆಚಾರ್ರೇ" ಎಂದರು. ನಾನು ಬೆಣೆಗಳಿಗೆ ಕೆಳಗಿನಿಂದ ಏಟು ಕೊಟ್ಟು, ಕಾಲು ಕಳಚಿ, ಎಲ್ಲವನ್ನೂ ಕಟ್ಟಿ ಬೆನ್ನಿಗೇರಿಸಿದೆ. ಇಳಿಯುವಾಗ ಅದು ಹತ್ತುವಾಗಿನದಕ್ಕಿಂತ ಭಾರವಾಗಿತ್ತು. ಅವಳಿಗೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ಹುಡುಕಿದೆ. ತಪ್ಪಿತು ಎಂಬ ಒಂದು ಮಾತನ್ನು ಬಿಟ್ಟು ಬೇರೇನೂ ಸಿಗಲಿಲ್ಲ.

ಅತ್ತಿಗೆ ಹೊಸ್ತಿಲ ಮೇಲೆ ಕೂತಿದ್ದಳು. ಕಾಲ ಬಳಿ ಚಪ್ಪಲಿ ಇರಲಿಲ್ಲ. ನೋಡಿದರೆ ಮಡಿಲಲ್ಲಿ ಹಿಡಿದುಕೊಂಡಿದ್ದಳು. ನಾನು ಅಂಗಳದಲ್ಲೇ 'ತಪ್ಪಿತು ಅತ್ತಿಗೆ' ಎನ್ನಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು.

"ಹಿಡ್ಕಂಡ್ಯಾ ಅಂತು" ಎಂದಳು. "ನಾನು ಉತ್ತರ ಕೊಡಲಿಲ್ಲ ಇವತ್ತು. ಸುಮ್ನೆ ಕೂತಿದ್ದೆ. ಮತ್ತೆ ಕೇಳ್ತದೆ ಅಂತ ಕಾದೆ. ಕೇಳ್ಲಿಲ್ಲ. ಕಾದೆ, ಕಾದೆ. ಆಮೇಲೆ ಗುಂಡಿನ ಸದ್ದು ಬಂತು."

"ಆಮೇಲಾ?"

"ಹೂಂ ಕಣೋ. ಸದ್ದು ಆಮೇಲೆ."

ನಾನು ಮಣೆಯನ್ನು ಇಳಿಸಿ ಜಗಲಿಗೆ ಒರಗಿಸಿದೆ. ಅವಳು ಸರಿದು ಹೊಸ್ತಿಲ ಮೇಲೆ ಜಾಗ ಕೊಟ್ಟಳು. ಇಬ್ಬರೂ ಕಿವಿಗೊಟ್ಟು ಕೂತೆವು. ನಡುಮನೆಯಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ ಒಳಗೆ ಒಲೆಯ ಮೇಲೆ ಹಾಲು ಉಕ್ಕಿ, ಕೆಂಡಕ್ಕೆ ಬಿದ್ದು ಚುಂಯ್ ಎಂದಿತು. ಅತ್ತಿಗೆ ಅತ್ತ ತಿರುಗಿದಳು, ಯಾರಾದರೂ ಹೇಳಲಿ ಎಂದು ಕಾಯುವವಳ ಹಾಗೆ. ಯಾರೂ ಹೇಳಲಿಲ್ಲ. ಆಮೇಲೆ ತಾನೇ ಎದ್ದು ಹೋಗಿ ಇಳಿಸಿದಳು.